ಗೆಲ್ಲಲ್ಲ ಅಂತ ಗೊತ್ತಿದ್ದೂ ಪದೇ ಪದೇ ಚುನಾವಣೆಗೆ ನಿಲ್ಲೋರ ಕಥೆ ಗೊತ್ತಿದ್ದರೆ ಹೇಳಿ

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಮೊನ್ನೆ ಹಳೇ ಚುನಾವಣೆಗಳ ಮಾತು ಬಂದು, ನಮ್ಮ ಮಾವ ಹೊಟ್ಟೆ ಪಕ್ಷದ ರಂಗಸ್ವಾಮಿ ಅವರ ಹೆಸರು ಎತ್ತಿದರು. ಈಗಿನ ಹುಡುಗರಿಗೆ ಆ ಹೆಸರು ಗೊತ್ತಿರೋದು ಕಷ್ಟ. 86 ಚುನಾವಣೆಗೆ ನಿಂತು ಅಷ್ಟೂ ಸೋತವರು ಅವರು. 2007ರಲ್ಲಿ ತೀರಿಕೊಂಡರು. ಪಕ್ಷದ ಹೆಸರು ಕೇಳಿದಾಗ ಮೊದಲು ಜೋರಾಗಿ ನಗು ಬಂತು. ಆಮೇಲೆ ಯೋಚನೆ ಮಾಡಿದರೆ, ಇಷ್ಟು ಜನ ಹೊಟ್ಟೆಪಾಡಿಗೆ ಒದ್ದಾಡೋ ದೇಶದಲ್ಲಿ ಪಕ್ಷಕ್ಕೆ ಇದಕ್ಕಿಂತ ನೇರವಾದ ಹೆಸರು ಸಿಗೋದೇ ಇಲ್ಲ ಅನ್ನಿಸಿತು.

ನನಗೆ ತಿಳ್ಕೊಬೇಕಾಗಿರೋದು ಇಷ್ಟು. ಇಂಥವರು ಇನ್ನೂ ಯಾರ್ಯಾರು ಇದ್ದಾರೆ? ಠೇವಣಿ ಹೋಗುತ್ತೆ ಅಂತ ಮೊದಲೇ ಗೊತ್ತಿದ್ದೂ ಮತ್ತೆ ಮತ್ತೆ ಯಾಕೆ ನಿಲ್ಲುತ್ತಾರೆ? ಬರೀ ಪ್ರಚಾರದ ಆಸೆ ಅಂತ ಮನೇಲಿ ಎಲ್ಲರೂ ಹೇಳಿದರು, ನನಗೆ ಅದು ಪೂರ್ತಿ ಒಪ್ಪಿಗೆ ಆಗಲಿಲ್ಲ. ಗೊತ್ತಿದ್ದವರು ಸ್ವಲ್ಪ ವಿವರವಾಗಿ ಬರೆಯಿರಿ. ಪಕ್ಷಗಳ ಜಗಳ ಬೇಡ ದಯವಿಟ್ಟು.

ಹಳೇ ಪೇಪರ್

ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಈ ವಿಷಯ ಬಂದರೆ ಮೊದಲು ಹೇಳಬೇಕಾದವರು ಕಾಕಾ ಜೋಗಿಂದರ್ ಸಿಂಗ್. ಊರಿಗೆಲ್ಲ ಅವರು 'ಧರ್ತಿ ಪಕಡ್' ಅಂತಲೇ ಪರಿಚಯ. ನೆಲ ಕಚ್ಚಿ ಹಿಡಿದವನು ಅಂತ ಇಟ್ಟುಕೊಳ್ಳಿ. ಹುಟ್ಟಿದ್ದು ಈಗಿನ ಪಾಕಿಸ್ತಾನದ ಗುಜ್ರಾನ್‌ವಾಲಾದಲ್ಲಿ, ಬಟ್ಟೆ ವ್ಯಾಪಾರ ಇದ್ದದ್ದು ಬರೇಲಿಯಲ್ಲಿ. 300ಕ್ಕೂ ಜಾಸ್ತಿ ಚುನಾವಣೆಗೆ ನಿಂತರು, ಒಂದೂ ಗೆಲ್ಲಲಿಲ್ಲ. ಆಗ ಒಬ್ಬರು ಎಷ್ಟು ಕ್ಷೇತ್ರದಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಎರಡಕ್ಕಿಂತ ಹೆಚ್ಚು ಬೇಡ ಅನ್ನೋ ನಿಯಮ ಬಂದಿದ್ದು 1996ರಲ್ಲಿ.

ನನಗೆ ತುಂಬಾ ಇಷ್ಟ ಆಗೋದು 1992ರ ಕಥೆ. ಆ ವರ್ಷ ಅವರು ರಾಷ್ಟ್ರಪತಿ ಚುನಾವಣೆಗೇ ನಿಂತರು! ಶಂಕರ್ ದಯಾಳ್ ಶರ್ಮಾ ಗೆದ್ದ ಚುನಾವಣೆ ಅದು. ಕಾಕಾ ಅವರಿಗೆ ಬಂದ ಮತ 1,135, ಸ್ಥಾನ ನಾಲ್ಕನೆಯದು. ರಾಷ್ಟ್ರಪತಿ ಚುನಾವಣೆಯಲ್ಲಿ ನಾವು ನೀವು ಮತ ಹಾಕಲ್ಲ, ಸಂಸದರು ಮತ್ತು ಶಾಸಕರು ಮಾತ್ರ ಹಾಕುತ್ತಾರೆ. ಒಬ್ಬೊಬ್ಬರ ಮತಕ್ಕೂ ಇಷ್ಟು ಅಂತ ಬೆಲೆ ಕಟ್ಟಿರುತ್ತಾರೆ, ಆ ಲೆಕ್ಕದಲ್ಲಿ ಬಂದಿದ್ದು ಈ 1,135. ಹಾಗಾಗಿ ಅದು ಸಾವಿರ ಜನರ ಮತ ಅಲ್ಲ. ಆದರೂ ಶಾಸನ ಮಾಡೋ ಸದನದಲ್ಲಿ ಕೂತಿದ್ದ ಯಾರೋ ಕೆಲವರು ಮತಪತ್ರದಲ್ಲಿ ಕಾಕಾ ಹೆಸರಿನ ಮುಂದೆ 1 ಅಂತ ಬರೆದಿದ್ದಾರೆ ಅಲ್ವಾ, ಅವರು ಯಾರು ಅಂತ ನನಗೆ ಇವತ್ತಿಗೂ ಕುತೂಹಲ. 1997ರಲ್ಲಿ ನಿಯಮ ಬಿಗಿ ಮಾಡಿ 50 ಸೂಚಕರು, 50 ಅನುಮೋದಕರು ಬೇಕು, ಠೇವಣಿ 15,000 ಅಂತ ಮಾಡಿದರು. ಅಲ್ಲಿಗೆ ಇಂಥವರಿಗೆ ಆ ಬಾಗಿಲು ಮುಚ್ಚಿತು. ಮಾರನೇ ವರ್ಷವೇ ಕಾಕಾ ಕೂಡ ತೀರಿಕೊಂಡರು.

ಈಗಿನ ಕಾಲದವರು ಬೇಕು ಅಂದರೆ ಮೆಟ್ಟೂರಿನ ಕೆ. ಪದ್ಮರಾಜನ್. ನಮ್ಮ ಕಾವೇರಿ ಹರಿದು ಹೋಗಿ ಸೇರೋ ಅದೇ ಮೆಟ್ಟೂರು. ಅಲ್ಲಿ ಅವರದ್ದು ಟೈರ್ ರಿಪೇರಿ ಅಂಗಡಿ. 1988ರಲ್ಲಿ ಶುರು ಮಾಡಿ 200 ಚುನಾವಣೆ ದಾಟಿದ್ದಾರೆ. 1991ರಲ್ಲಿ ನಂದ್ಯಾಲದಲ್ಲಿ ಪ್ರಧಾನಿ ನರಸಿಂಹ ರಾವ್ ಎದುರು ನಾಮಪತ್ರ ಹಾಕಿದ್ದರು, ಆಗ ಯಾರೋ ತಮ್ಮನ್ನ ಎತ್ತಿಕೊಂಡು ಹೋಗಿದ್ದರು ಅಂತ ಅವರೇ ಹೇಳಿಕೊಂಡಿದ್ದಾರೆ. 2011ರಲ್ಲಿ ಸ್ವಂತ ಊರಲ್ಲಿ 6,273 ಮತ ಬಂತು, ಅದೇ ಅವರ ದಾಖಲೆ. ಅವರು ಹೇಳೋದು ಒಂದೇ ಮಾತು: ಸಾಮಾನ್ಯ ಮನುಷ್ಯನೂ ನಿಲ್ಲಬಹುದು ಅಂತ ತೋರಿಸಬೇಕು, ನನಗೆ ಸೋಲೇ ಬೇಕು. ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಸಿಕ್ಕಿತು.

ಶಿರಸಿ ಅಡಿಕೆ

ಮೇಲೆ ಹೇಳಿದವರದ್ದು ಹವ್ಯಾಸ ಅಂತಲೇ ಇಟ್ಟುಕೊಳ್ಳೋಣ. ತಾನು ಬದುಕಿದ್ದೀನಿ ಅಂತ ತೋರಿಸೋಕೆ ಚುನಾವಣೆಗೆ ನಿಂತವರ ಕಥೆ ಕೇಳಿದ್ದೀರಾ?

ಲಾಲ್ ಬಿಹಾರಿ. ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯ ಅಮಿಲೋ ಅನ್ನೋ ಊರು, ನೇಯ್ಗೆ ಕೆಲಸ. ಎಪ್ಪತ್ತರ ದಶಕದಲ್ಲಿ ಬ್ಯಾಂಕ್ ಸಾಲ ತಗೊಳ್ಳೋಣ ಅಂತ ಜಮೀನಿನ ಕಾಗದ ತರಲು ಕಂದಾಯ ಕಚೇರಿಗೆ ಹೋದರೆ, ದಾಖಲೆಯಲ್ಲಿ ಇವರು ಸತ್ತು ಹೋಗಿದ್ದಾರೆ. ಚಿಕ್ಕಪ್ಪನ ಮನೆಯವರು ಲಂಚ ಕೊಟ್ಟು ಇವರನ್ನ ಸತ್ತವರ ಲೆಕ್ಕಕ್ಕೆ ಸೇರಿಸಿ ಜಮೀನನ್ನ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಇಷ್ಟಕ್ಕೂ ಅದು ಒಂದು ಎಕರೆಗಿಂತ ಕಡಿಮೆ ಜಾಗ! ಮನುಷ್ಯ ಎದುರಿಗೇ ನಿಂತಿದ್ದಾನೆ, ಉಸಿರಾಡ್ತಿದ್ದಾನೆ, ಮಾತಾಡ್ತಿದ್ದಾನೆ. ಆದರೆ ಪುಸ್ತಕದಲ್ಲಿ ಸತ್ತಿದ್ದಾನೆ ಅಂತ ಇದ್ದರೆ ಪುಸ್ತಕವೇ ಸತ್ಯ.

ಮುಂದೆ ಅವರು ಮಾಡಿದ್ದನ್ನ ಓದುತ್ತಾ ಹೋದರೆ ನಗಬೇಕೋ ಅಳಬೇಕೋ ತಿಳಿಯಲ್ಲ. ಹೇಗಾದರೂ ಮಾಡಿ ಸರ್ಕಾರಿ ಕಾಗದದಲ್ಲಿ ತನ್ನ ಹೆಸರು ಬದುಕಿರುವವನು ಅಂತ ಒಂದು ಸಲ ಬಿದ್ದರೆ ಸಾಕು ಅನ್ನೋದು ಅವರ ಲೆಕ್ಕ. ಪೊಲೀಸರು ಕೇಸ್ ಹಾಕಲಿ ಅಂತ ಚಿಕ್ಕಪ್ಪನ ಮಗನನ್ನ ಎತ್ತಿಕೊಂಡು ಹೋದರು. ಹೆಂಡತಿಯಿಂದ ವಿಧವಾ ಪಿಂಚಣಿಗೆ ಅರ್ಜಿ ಹಾಕಿಸಿದರು. ನಾನು ಸತ್ತಿದ್ದರೆ ಇವಳಿಗೆ ಪಿಂಚಣಿ ಕೊಡಿ, ಕೊಡಲ್ಲ ಅಂದರೆ ನಾನು ಬದುಕಿದ್ದೀನಿ ಅಂತ ಬರೆದುಕೊಡಿ, ಇಷ್ಟೇ ವಾದ. ಎಂಥ ತಲೆ ನೋಡಿ. ತಮ್ಮದೇ ಶವಯಾತ್ರೆ ಮಾಡಿಸಿಕೊಂಡರು. ಲಖನೌ ವಿಧಾನಸಭೆಯೊಳಗೆ ಕರಪತ್ರ ಎಸೆದರು. ಹೆಸರಿಗೆ 'ಮೃತಕ್' ಅಂತ ಸೇರಿಸಿಕೊಂಡರು. ತಮ್ಮ ಹಾಗೇ ಕಾಗದದಲ್ಲಿ ಸತ್ತವರನ್ನೆಲ್ಲ ಒಟ್ಟುಗೂಡಿಸಿ ಮೃತಕ್ ಸಂಘ ಕಟ್ಟಿದರು.

ಚುನಾವಣೆಗೆ ನಿಂತಿದ್ದೂ ಅದೇ ಲೆಕ್ಕದಲ್ಲಿ. 1988ರಲ್ಲಿ ಅಲಹಾಬಾದ್‌ನಲ್ಲಿ ವಿ.ಪಿ. ಸಿಂಗ್ ಎದುರು, 1989ರಲ್ಲಿ ಅಮೇಠಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಎದುರು. ಸತ್ತವನ ನಾಮಪತ್ರ ತಗೊಳ್ಳೋಕೆ ಆಗಲ್ಲ, ತಗೊಂಡರೆ ಅವನು ಬದುಕಿದ್ದಾನೆ ಅಂತ ಒಪ್ಪಿದ ಹಾಗೆ. ಅವರಿಗೆ ಬೇಕಾಗಿದ್ದೂ ಅದೇ. ಕೊನೆಗೆ 1994ರಲ್ಲಿ ಸರ್ಕಾರ ಅವರನ್ನ ಕಾಗದದಲ್ಲಿ ಬದುಕಿಸಿತು. ಸುಮಾರು 19 ವರ್ಷ ಸತ್ತಿದ್ದ ಮನುಷ್ಯ!

2003ರಲ್ಲಿ ಇವರಿಗೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಾಧನೆಗೆ ಅಮೆರಿಕದಲ್ಲಿ ಕೊಡೋ ಪ್ರಶಸ್ತಿ ಅದು. ಪಾಸ್‌ಪೋರ್ಟ್ ಮಾಡಿಸಿಕೊಂಡರು, ಆದರೆ ಅಮೆರಿಕ ಒಳಗೆ ಬಿಡಲಿಲ್ಲ. ಗೆಳೆಯರೊಬ್ಬರು ಹೋಗಿ ಇಸ್ಕೊಂಡು ಬಂದರು. ಇವರನ್ನ ಪ್ರಚಾರದ ಆಸೆಯವರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತೆ.

ತಿಪಟೂರು ತೆಂಗು

ಅಬ್ಬಾ, ಆ ವಿಧವಾ ಪಿಂಚಣಿ ಅರ್ಜಿ! ಎರಡು ಸಲ ಓದಿದೆ. ಶಿರಸಿಯವರೇ, ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಜನ ಹೀಗೆ ನಿಂತರೆ ಚುನಾವಣೆ ನಡೆಸೋರ ಗತಿ ಏನು, ಆ ಕಡೆಯಿಂದ ಯಾರಾದರೂ ಹೇಳ್ತೀರಾ?

ಕುಂದಾನಗರಿ ಮೇಷ್ಟ್ರು

ಹೇಳ್ತೀನಿ. ನಾನು ಬೆಳಗಾವಿಯವನು, ಶಾಲೆಯಲ್ಲಿ ಪಾಠ ಮಾಡುವವನು, ಎಲೆಕ್ಷನ್ ಡ್ಯೂಟಿ ನಮಗೆ ತಪ್ಪಿದ್ದಲ್ಲ. 1996ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಕ್ಷೇತ್ರದಲ್ಲಿ ಕಣದಲ್ಲಿ ಇದ್ದವರು 456 ಜನ. ಗಡಿ ವಿಚಾರಕ್ಕೆ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನೋ ಎಂಇಎಸ್‌ನವರು ರಾಶಿ ರಾಶಿ ನಾಮಪತ್ರ ಹಾಕಿಸಿದ್ದರು. ಅದೇ ವರ್ಷ ಆಗಿನ ಆಂಧ್ರದ ನಲ್ಗೊಂಡದಲ್ಲಿ 480 ಜನ. ಅಲ್ಲಿ ಕಾರಣವೇ ಬೇರೆ: ಕುಡಿಯೋ ನೀರಲ್ಲಿ ಫ್ಲೋರೈಡ್, ಜನರ ಮೂಳೆ ಸೊಟ್ಟ ಆಗ್ತಿತ್ತು, ಯಾರೂ ಕೇಳೋರಿರಲಿಲ್ಲ. ಅದಕ್ಕೇ ನೂರಾರು ಜನ ಒಟ್ಟಿಗೆ ನಿಂತರು.

ಇದೆಲ್ಲವನ್ನೂ ಮೀರಿಸಿದ್ದು ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರ, ಅದೂ 1996ರಲ್ಲೇ. ರೈತರು ಸರ್ಕಾರದ ಮೇಲಿನ ಸಿಟ್ಟಿಗೆ ನಾಮಪತ್ರ ಹಾಕಿದರು, ಹಾಕಿದರು, ಕೊನೆಗೆ ಕಣದಲ್ಲಿ ಉಳಿದವರು 1,033! ಮತದಾನ ಒಂದು ತಿಂಗಳು ಮುಂದಕ್ಕೆ ಹೋಯಿತು. ಮತಪತ್ರ ಒಂದು ಹಾಳೆಯಲ್ಲಿ ಹಿಡಿಸದೆ ಪುಸ್ತಕದ ಥರ ಹೊಲಿಸಬೇಕಾಯಿತು. ಡ್ಯೂಟಿ ಮಾಡಿದವರಿಗೆ ಇದರ ಕಷ್ಟ ಗೊತ್ತಾಗುತ್ತೆ. ಕಣ್ಣು ಸರಿಯಾಗಿ ಕಾಣದ ಅಜ್ಜಿ ಒಬ್ಬರು ಬಂದು ಆ ಪುಸ್ತಕ ತಿರುವಿ, ತಮಗೆ ಬೇಕಾದ ಚಿಹ್ನೆ ಹುಡುಕಿ, ಮುದ್ರೆ ಒತ್ತಿ, ಮಡಚಿ, ಡಬ್ಬಿಯೊಳಗೆ ತೂರಿಸಬೇಕು. ಹಿಂದೆ ಸಾಲು ಬೆಳೀತಾ ಇರುತ್ತೆ. ಒಂದು ಡಬ್ಬಿಗೆ ಎಷ್ಟು ಪುಸ್ತಕ ಹಿಡಿಸೀತು ಹೇಳಿ? ಎಣಿಕೆ ಇನ್ನೊಂದು ಕಥೆ. ಎಲ್ಲ ಮುಗಿದಾಗ 88 ಅಭ್ಯರ್ಥಿಗಳಿಗೆ ಬಂದ ಮತ ಸೊನ್ನೆ. ಅಂದರೆ ಅವರ ಸ್ವಂತ ಮತವೂ ಅವರಿಗೆ ಬಿದ್ದಿಲ್ಲ, ಮನೆಯವರದ್ದಂತೂ ಕೇಳಲೇಬೇಡಿ.

ಕೇಳೋಕೆ ಮಜಾ ಇದೆ, ಒಪ್ಪುತ್ತೇನೆ. ಆದರೆ ನನ್ನ ಅಭಿಪ್ರಾಯ ಬೇರೆ. ಲಾಲ್ ಬಿಹಾರಿ ಒಬ್ಬರು ನಿಂತರೆ ಅದು ನ್ಯಾಯ ಕೇಳೋದು. ಸಾವಿರ ಜನ ಒಟ್ಟಿಗೆ ನಿಂತರೆ ಸಾಮಾನ್ಯ ಮತದಾರನಿಗೆ ತೊಂದರೆ. ಆವತ್ತು ದೇಶದಲ್ಲಿ ಲೋಕಸಭೆಗೆ ನಿಂತವರು 13,952 ಜನ. ಠೇವಣಿ ಬರೀ 500 ರೂಪಾಯಿ ಇತ್ತು. ಅದನ್ನ 10,000 ಮಾಡಿದರು, ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು ಅಂದರು, 1998ರಲ್ಲಿ ಸಂಖ್ಯೆ 4,750ಕ್ಕೆ ಇಳಿಯಿತು. ಮಾಡಿದ್ದು ಸರಿ ಅಂತಲೇ ನಾನು ಹೇಳೋದು.

ಲಂಡನ್ ರಾಗಿಮುದ್ದೆ

ಮೇಷ್ಟ್ರೇ, ಇಂಗ್ಲೆಂಡಿನಲ್ಲೂ ಇದೇ ಮದ್ದು ಮಾಡಿದ್ದರು. ಇಲ್ಲಿ ಸ್ಕ್ರೀಮಿಂಗ್ ಲಾರ್ಡ್ ಸಚ್ ಅಂತ ಒಬ್ಬ ರಾಕ್ ಹಾಡುಗಾರ ಇದ್ದರು. ಲಾರ್ಡ್ ಅನ್ನೋದು ಅವರೇ ಇಟ್ಟುಕೊಂಡ ಪದವಿ. ತಲೆ ಮೇಲೆ ಉದ್ದ ಟೋಪಿ, ಮೈಮೇಲೆ ಚಿರತೆ ಚುಕ್ಕೆಯ ಬಟ್ಟೆ. ಅವರ ಪಕ್ಷದ ಹೆಸರು 'ಮಾನ್‌ಸ್ಟರ್ ರೇವಿಂಗ್ ಲೂನಿ ಪಾರ್ಟಿ'. ಹುಚ್ಚರ ಪಕ್ಷ ಅಂತ ತಾವೇ ಹೇಳಿಕೊಂಡು ಮತ ಕೇಳೋರು. 1985ರಲ್ಲಿ ಇಲ್ಲಿಯ ಠೇವಣಿಯನ್ನ 150 ಪೌಂಡ್‌ನಿಂದ 500ಕ್ಕೆ ಏರಿಸಿದರು. ಆಮೇಲೂ ಸಚ್ ನಿಲ್ಲೋದು ಬಿಡಲಿಲ್ಲ.

1990ರಲ್ಲಿ ಬೂಟಲ್ ಅನ್ನೋ ಕಡೆ ಉಪಚುನಾವಣೆ ಆಯ್ತು. ಹಿಂದೊಮ್ಮೆ ವಿದೇಶಾಂಗ ಮಂತ್ರಿ ಆಗಿದ್ದ ಡೇವಿಡ್ ಓವನ್ ನಡೆಸುತ್ತಿದ್ದ ಎಸ್‌ಡಿಪಿ ಪಕ್ಷಕ್ಕೆ 155 ಮತ, ಸಚ್‌ಗೆ 418. ಹುಚ್ಚರ ಪಕ್ಷಕ್ಕಿಂತ ಹಿಂದೆ ಬಿದ್ದ ಕೆಲವೇ ದಿನಕ್ಕೆ ಎಸ್‌ಡಿಪಿ ಬಾಗಿಲು ಹಾಕಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ವಿಷಯ. ಸಚ್ 1963ರಲ್ಲಿ ಮೊದಲ ಸಲ ನಿಂತಾಗ ಕೇಳಿದ್ದು 18 ವರ್ಷಕ್ಕೆ ಮತದಾನದ ಹಕ್ಕು. ಆಗ ಇಲ್ಲಿ 21 ಆಗಬೇಕಿತ್ತು. 1969ರಲ್ಲಿ ಕಾನೂನು ಬದಲಾಗಿ 18 ಆಯ್ತು. ಅವರೊಬ್ಬರಿಂದಲೇ ಆಯ್ತು ಅಂತ ನಾನು ಹೇಳಲ್ಲ, ಆದರೆ ಎಲ್ಲರೂ ನಗುವಾಗ ಮೈಕ್ ಮುಂದೆ ನಿಂತು ಕೇಳಿದ್ದರಲ್ಲ, ಅದು ದೊಡ್ಡದು.

ಕಲಬುರ್ಗಿ ತೊಗರಿ

ಮೇಷ್ಟ್ರ ಕಷ್ಟ ಅರ್ಥ ಆಗುತ್ತೆ, ಆದರೆ ಠೇವಣಿ ಏರಿಸಿದ್ದು ಸರಿ ಅನ್ನೋದನ್ನ ನಾನು ಒಪ್ಪಲ್ಲ. ಈಗ ಲೋಕಸಭೆಗೆ 25,000, ವಿಧಾನಸಭೆಗೆ 10,000. ಚಲಾವಣೆಯಾದ ಮತದಲ್ಲಿ ಆರರಲ್ಲಿ ಒಂದು ಪಾಲು ಬರದಿದ್ದರೆ ಪೂರ್ತಿ ಹೋಯ್ತು. ದುಡ್ಡಿದ್ದವರಿಗೆ ಇದು ಒಂದು ದಿನದ ಫ್ಲೆಕ್ಸ್ ಖರ್ಚು. ತಡೆಯೋದು ಯಾರನ್ನ? ಕೈಯಲ್ಲಿ ಕಾಸಿಲ್ಲದೆ, ಹೇಳೋಕೆ ಒಂದು ಮಾತು ಇರೋರನ್ನ.

ನಮ್ಮ ಪಕ್ಕದ ಯಾದಗಿರಿಯಲ್ಲೇ 2023ರ ವಿಧಾನಸಭೆ ಚುನಾವಣೆಯಲ್ಲಿ ಪಕ್ಷೇತರರೊಬ್ಬರು 10,000 ರೂಪಾಯಿ ಠೇವಣಿಯನ್ನ ಪೂರ್ತಿ ಒಂದು ರೂಪಾಯಿ ನಾಣ್ಯದಲ್ಲೇ ತಂದು ಕಟ್ಟಿದರು. ಕ್ಷೇತ್ರದ ಜನರಿಂದ ಒಂದೊಂದು ರೂಪಾಯಿ ಕೂಡಿಸಿದ್ದು. ಸಿಬ್ಬಂದಿ ಮೇಜಿನ ಮೇಲೆ ಸುರಿದುಕೊಂಡು ಎಣಿಸುತ್ತಾ ಕೂತಿದ್ದ ಫೋಟೋ ಎಲ್ಲ ಕಡೆ ಓಡಾಡಿತ್ತು. ನೋಡಿದವರೆಲ್ಲ ನಕ್ಕರು. ನನಗೆ ಹೆಮ್ಮೆ ಆಯ್ತು. ಹತ್ತು ಸಾವಿರ ನಾಣ್ಯ ಕೂಡಬೇಕು ಅಂದರೆ ಎಷ್ಟು ಮನೆ ಬಾಗಿಲಿಗೆ ಹೋಗಿರಬೇಕು!

ಮತ್ತೆ ಗುಂಪಾಗಿ ನಿಲ್ಲೋದರಿಂದ ಉಪಯೋಗ ಇಲ್ಲ ಅಂದುಕೊಳ್ಳಬೇಡಿ. 2019ರಲ್ಲಿ ತೆಲಂಗಾಣದ ನಿಜಾಮಾಬಾದ್‌ನಲ್ಲಿ 185 ಅಭ್ಯರ್ಥಿಗಳು, ಹೆಚ್ಚುಕಮ್ಮಿ ಎಲ್ಲರೂ ಅರಿಶಿನ ಬೆಳೆಯೋ ರೈತರು, ಒಬ್ಬೊಬ್ಬರೂ 25,000 ಕಟ್ಟಿ ನಿಂತವರು. ಬೇಡಿಕೆ ಇದ್ದದ್ದು ಅರಿಶಿನಕ್ಕೆ ಸರಿಯಾದ ಬೆಲೆ, ಅದಕ್ಕೊಂದು ಮಂಡಳಿ. ಒಂದು ಮತಯಂತ್ರದ ಪೆಟ್ಟಿಗೆಯಲ್ಲಿ 16 ಹೆಸರು ಹಿಡಿಸುತ್ತೆ. ಹಾಗಾಗಿ ಪ್ರತಿ ಮತಗಟ್ಟೆಯಲ್ಲೂ 12 ಪೆಟ್ಟಿಗೆ ಸಾಲಾಗಿ ಜೋಡಿಸಿದರು. ಮತದಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಸರು ಹುಡುಕುತ್ತಾ ನಡೀಬೇಕಿತ್ತು. ಆಗಿನ ಮುಖ್ಯಮಂತ್ರಿಯ ಮಗಳು ಕೆ. ಕವಿತಾ ಆ ಕ್ಷೇತ್ರದ ಸಂಸದೆ ಆಗಿದ್ದರು, ಅವರು ಸೋತರು. ರೈತರಲ್ಲಿ ಯಾರೂ ಗೆಲ್ಲಲಿಲ್ಲ. ಆದರೆ 2025ರ ಜನವರಿಯಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿ ಶುರುವಾಯಿತು, ಕಚೇರಿ ನಿಜಾಮಾಬಾದ್‌ನಲ್ಲೇ. ಮೇಷ್ಟ್ರೇ, ಆ 12 ಪೆಟ್ಟಿಗೆ ಹೊತ್ತವರಿಗೆ ಕಷ್ಟ ಆಗಿದ್ದು ನಿಜ. ಆದರೆ ಆ ರೈತರು ಬೇರೆ ಯಾವ ಥರ ಕೇಳಿದ್ದರೆ ದೆಹಲಿಗೆ ಕೇಳಿಸುತ್ತಿತ್ತು, ನೀವೇ ಹೇಳಿ?

ಕುಂದಾನಗರಿ ಮೇಷ್ಟ್ರು

ಅರಿಶಿನದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿದೆ. ಠೇವಣಿ ಕಡಿಮೆ ಮಾಡಲಿ, ಬೇಕಾದರೆ ಸೂಚಕರನ್ನ ಹತ್ತರಿಂದ ನೂರಕ್ಕೆ ಏರಿಸಲಿ. ನೂರು ಜನರ ಸಹಿ ತರೋದಕ್ಕೆ ದುಡ್ಡು ಬೇಡ, ಓಡಾಟ ಬೇಕು. ಯಾದಗಿರಿಯವರಿಗೆ ಅದು ಒಂದು ದಿನದ ಕೆಲಸ.