ಸಹಾಯ ಬೇಕು: ಹೊರಡುವಾಗಲೇ ಟ್ರಾಕ್ಷನ್ ಕಂಟ್ರೋಲ್ ಎಂಜಿನ್ ಕಟ್ ಮಾಡ್ತಿದೆ

ಎಲ್ಲರಿಗೂ ನಮಸ್ಕಾರ. 402 ಮೀಟರ್ ನೇರ ಓಟದ ರೇಸ್, ಅಂದರೆ ಡ್ರ್ಯಾಗ್‌ಗೆಂದು ನಾನೂ ತಮ್ಮನೂ ಸೇರಿ ಹಳೆಯ ಹೋಂಡಾ ಸಿಟಿ ವಿಟೆಕ್‌ಗೆ ಟರ್ಬೊ, ಸ್ಟ್ಯಾಂಡ್‌ಅಲೋನ್ ಇಸಿಯು (ನಾವೇ ಸೆಟ್ ಮಾಡಬಹುದಾದ ಎಂಜಿನ್ ಕಂಪ್ಯೂಟರ್) ಹಾಕಿದ್ದೇವೆ. ನಾಲ್ಕೂ ಚಕ್ರಕ್ಕೆ ವೇಗ ಅಳೆಯೋ ಹಾಲ್ ಸೆನ್ಸರ್ ಇದೆ. ಕಾರು ಎಳೆಯೋ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇ. 12ಕ್ಕೂ ಹೆಚ್ಚು ತಿರುಗಿದರೆ (ಈ ವ್ಯತ್ಯಾಸವೇ ಸ್ಲಿಪ್) ಇಸಿಯು ಮೊದಲು ಇಗ್ನಿಷನ್ ಟೈಮಿಂಗ್ ರಿಟಾರ್ಡ್ ಮಾಡುತ್ತೆ (ಸ್ಪಾರ್ಕ್ ತಡ ಮಾಡಿ ಶಕ್ತಿ ಇಳಿಸುತ್ತೆ), ಸಾಲದಿದ್ದರೆ ಒಂದೊಂದೇ ಸಿಲಿಂಡರ್‌ನ ಸ್ಪಾರ್ಕ್ ಕಟ್ ಮಾಡುತ್ತೆ; ಇದೇ ನಮ್ಮ ಟ್ರಾಕ್ಷನ್ ಕಂಟ್ರೋಲ್. ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡೋ ಕವಾಟ) ಕೇಬಲ್‌ನದು, ಅದನ್ನು ಇಸಿಯು ಮುಚ್ಚೋ ಮಾತಿಲ್ಲ.

ಎರಡನೇ, ಮೂರನೇ ಗೇರಲ್ಲಿ ಚೆನ್ನಾಗಿದೆ. ತಾಪತ್ರಯ ಇರೋದು ಹೊರಡೋ ಗಳಿಗೆಯಲ್ಲಿ, ಅಂದರೆ ಲಾಂಚ್‌ನಲ್ಲಿ. ಹಿಂದಿನ ಚಕ್ರ ಇನ್ನೂ ನಿಂತೇ ಇರುತ್ತೆ, ಮುಂದಿನದು ಆಗಲೇ ತಿರುಗುತ್ತಿರುತ್ತೆ. ಸೊನ್ನೆಗೆ ಹೋಲಿಸಿ ಶೇಕಡಾ ತೆಗೆದರೆ ಸ್ಲಿಪ್ ಲೆಕ್ಕಕ್ಕೇ ಸಿಗಲ್ಲ. ಪೂರ್ತಿ ಕಟ್ ಬಂದು ಕಾರು ಮುಗ್ಗರಿಸುತ್ತೆ, ಮೊದಲ 60 ಅಡಿ ಹಾಳು. ಮೇಲಿಂದ ಸ್ಪಾರ್ಕ್ ಕಟ್ ಆದಾಗ ಉರಿಯದ ಪೆಟ್ರೋಲ್ ಎಕ್ಸಾಸ್ಟಲ್ಲಿ ಹೊತ್ತಿಕೊಂಡು ಟರ್ಬೊ ಒಳಗಿನ ಟರ್ಬೈನ್ ವಿಪರೀತ ಬಿಸಿಯಾಗುತ್ತೆ. ಬೆಂಕಿ ನೋಡೋಕೆ ಚೆಂದ, ಜೇಬಿಗಲ್ಲ.

ಗಂಟೆಗೆ ಸುಮಾರು 30 ಕಿ.ಮೀ. ವೇಗದವರೆಗೆ ಶೇಕಡಾ ಬಿಟ್ಟು, ಮುಂದಿನ–ಹಿಂದಿನ ಚಕ್ರದ ವೇಗದ ವ್ಯತ್ಯಾಸ ಗಂಟೆಗೆ ಇಷ್ಟೇ ಕಿ.ಮೀ. ಇರಲಿ ಅಂತ ಟಾರ್ಗೆಟ್ ಕೊಟ್ಟವರು ಯಾರಾದರೂ ಇದ್ದೀರಾ? ಎಷ್ಟು ಇಟ್ಟಿರಿ? ಇಲ್ಲ, ಮೊದಲ ಗೇರಿಗೆ ಸ್ಲಿಪ್ ಲೆಕ್ಕವನ್ನೇ ಬಿಟ್ಟು ಬೂಸ್ಟ್ (ಟರ್ಬೊ ಕೊಡೋ ಗಾಳಿಯ ಒತ್ತಡ) ಇಳಿಸಿ, ಲಾಂಚ್ ಆದ ಮೇಲಿನ ಸಮಯ ನೋಡಿ ಟೈಮಿಂಗ್ ರಿಟಾರ್ಡ್ ಮಾಡಿಸಿದರೆ ಸಾಕಾ? ನನಗಂತೂ ಎರಡನೆಯದೇ ಸರಿ ಅನಿಸುತ್ತೆ, ತಮ್ಮ ಒಪ್ಪಲ್ಲ.

ದಯವಿಟ್ಟು ‘ಸ್ಲಿಕ್ ಹಾಕಿ’ ಅನ್ನಬೇಡಿ, ನಮ್ಮ ಕ್ಲಾಸಲ್ಲಿ ರಸ್ತೆ ಟೈರೇ ಕಡ್ಡಾಯ. ಲಾಗ್ ಫೈಲ್ ಬೇಕಾದವರು ಕೇಳಿ, ಕಳಿಸ್ತೀನಿ.