ಕಾಟನ್ ಬಾಂಧನಿ ಸ್ಟೋಲ್ ಬಣ್ಣ ಬಿಡ್ತಿದೆ, ಉಪ್ಪುನೀರಲ್ಲಿ ನೆನೆಸಬೇಕಾ?

ಚೆಂಬೂರ್_ಚಂಪಕ
ಕಚ್ಛ್ ಕಡೆಯ ಕಾಟನ್ ಬಾಂಧನಿ (ದಾರದಿಂದ ಗಂಟು ಕಟ್ಟಿ ಬಣ್ಣ ಹಾಕಿ ಚುಕ್ಕಿ ಮೂಡಿಸೋದು) ಸ್ಟೋಲ್, 2 ಮೀಟರ್. ಕೆಂಪು ಮೈ, ಕಪ್ಪು ಅಂಚು, ಬಿಳಿ ಮತ್ತು ಹಳದಿ ಚುಕ್ಕಿ. ಇನ್ನೂ ಒಗೆದಿಲ್ಲ, ಆದರೆ ಒದ್ದೆ ಬಿಳಿ ಬಟ್ಟೆ ಒತ್ತಿದರೆ ನಸುಗೆಂಪು ಹತ್ತುತ್ತೆ. ಅಂಗಡಿಯವರು ರಾತ್ರಿಯಿಡೀ ಉಪ್ಪುನೀರಲ್ಲಿ ಇಡಿ ಅಂದ್ರು, ಪಕ್ಕದ ಮನೆಯವರು ವಿನೆಗರ್ ಅಂತಾರೆ. ಬಿಳಿ ಚುಕ್ಕಿ ಗುಲಾಬಿ ಆಗದ ಹಾಗೆ ಮೊದಲ ಸಲ ಒಗೆಯೋದು ಹೇಗೆ? ಮುಂಬಯಿ ಮಳೆ ಬೇರೆ. ಇನ್ನೊಂದು, ಇದು ನಿಜಕ್ಕೂ ಕಟ್ಟಿದ್ದಾ, ಪ್ರಿಂಟಾ? ನೆರಿಗೆ ಏನೋ ಇದೆ.

ರಂಗಿನ_ಡಬ್ಬಿ
ಉಪ್ಪೂ ಬೇಡ, ವಿನೆಗರೂ ಬೇಡ. ರಾತ್ರಿಯಿಡೀ ನೆನೆಸುವುದಂತೂ ಬೇಡವೇ ಬೇಡ.

ವಿನೆಗರ್ ಕೆಲಸಕ್ಕೆ ಬರುವುದು ರೇಷ್ಮೆ, ಉಣ್ಣೆಗೆ ಹಾಕುವ ಆಸಿಡ್ ಬಣ್ಣಗಳಿಗೆ. ಉಪ್ಪು ಬೇಕಾಗುವುದು ಬಣ್ಣ ಹಾಕುವಾಗ. ಅದು ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆಗೆ ತಳ್ಳುತ್ತದೆ, ಕಚ್ಚಿಸುವುದಿಲ್ಲ. ಒಗೆಯುವಾಗ ಹಾಕಿದರೆ ಆ ಹೊತ್ತಿಗೆ ಬಣ್ಣ ಬಿಡುವುದು ನಿಂತ ಹಾಗೆ ಕಾಣುತ್ತದೆ, ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಮತ್ತೆ ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು, ನೀರಿಗೆ ಇಳಿದ ಕೆಂಪನ್ನು ಅದೇ ಉಪ್ಪು ನಿಮ್ಮ ಬಿಳಿ ಚುಕ್ಕಿಗೂ ತಳ್ಳುತ್ತದೆ.

ಮೊದಲು ಒಂದು ಮೂಲೆ ಪರೀಕ್ಷಿಸಿ. ತಣ್ಣೀರಲ್ಲಿ ಅದ್ದಿ, ಬಿಳಿ ಹತ್ತಿ ಬಟ್ಟೆಯ ನಡುವೆ 5 ನಿಮಿಷ ಒತ್ತಿಡಿ. ಮೂಲೆಯನ್ನು ತೊಳೆದು, ಹೊಸ ಬಟ್ಟೆ ಇಟ್ಟು, ಹೀಗೆ ಮೂರು ಸಲ. ಕಲೆ ಸಲದಿಂದ ಸಲಕ್ಕೆ ತಿಳಿಯಾದರೆ ಅದು ಮೇಲೆ ಉಳಿದ ಹೆಚ್ಚುವರಿ ಬಣ್ಣ ಅಷ್ಟೇ, ನಾಲ್ಕಾರು ಒಗೆತಕ್ಕೆ ಹೋಗುತ್ತದೆ. ಮೂರನೆಯದೂ ಮೊದಲಿನಷ್ಟೇ ಗಾಢವಾಗಿದ್ದರೆ ಬಹುಶಃ ಡೈರೆಕ್ಟ್ ಬಣ್ಣ (ನೂಲಿಗೆ ಬೆಸೆಯದೆ ಬರೀ ಅಂಟಿಕೊಂಡಿರುವ ಬಗೆ), ಅಥವಾ ಸರಿಯಾಗಿ ಕಚ್ಚಿಲ್ಲ. ಅಂಥದ್ದಕ್ಕೆ ಬಿಸಿನೀರು ತೋರಿಸಲೇಬೇಡಿ.

ಒಗೆಯುವಾಗ ಬಕೆಟ್ ತುಂಬ ತಣ್ಣೀರು, ಅರ್ಧ ಚಮಚ ಲಿಕ್ವಿಡ್ ಡಿಟರ್ಜೆಂಟ್, ಬ್ಲೀಚ್ ಇಲ್ಲದ್ದು. ಸ್ಟೋಲನ್ನು ಬಿಡಿಸಿ 2 ನಿಮಿಷ ಜಾಲಾಡಿಸಿ, ತಕ್ಷಣ ನೀರು ಬದಲಿಸಿ. ನೀರು ತಿಳಿಯಾಗುವ ತನಕ ಇದೇ ಕೆಲಸ. ಪಾಲಿಕೆಯ ನೀರು ಮೆದು, ಸಮಸ್ಯೆಯಿಲ್ಲ. ಬೋರ್‌ವೆಲ್ ಟ್ಯಾಂಕರ್ ನೀರಾದರೆ ಸೋಪಿನ ಬಾರ್ ಬೇಡ, ಗಡಸು ನೀರಲ್ಲಿ ಜಿಡ್ಡು ಕೂರುತ್ತದೆ.

ನಿಜವಾದ ಅಪಾಯ ಒಣಗಿಸುವಾಗ. ಹಿಂಡಿ ಮುದ್ದೆ ಮಾಡಿಟ್ಟರೆ ಕೆಂಪು ಜಾಗ ಬಿಳಿಗೆ ತಾಗಿಕೊಂಡೇ ಇರುತ್ತದೆ, ಜುಲೈ ತಿಂಗಳ ಹವೆಯಲ್ಲಿ ಅದು ದಿನವಿಡೀ ಒದ್ದೆ. ಎರಡು ಹಳೇ ಟವೆಲ್ ನಡುವೆ ಹರಡಿ ಒತ್ತಿ ನೀರು ತೆಗೆದು, ಒಂದೇ ಪದರವಾಗಿ ಫ್ಯಾನ್ ಕೆಳಗೆ ಹರಡಿ. ಹಗ್ಗದ ಮೇಲೆ ಮಡಿಸಿ ನೇತುಹಾಕಬೇಡಿ.

ದಾದರ್_ಧಾರವಾಡ
ನೆರಿಗಿ ನೋಡಿ ನಂಬಬ್ಯಾಡ್ರಿ. ಪ್ರಿಂಟ್ ಬಟ್ಟಿಗೂ ನೆರಿಗಿ ಹಿಡಿಸಿ ಮಾರ್ತಾರ. ಚುಕ್ಕಿ ನೋಡ್ರಿ. ಕಟ್ಟಿದ್ದಾದ್ರ ಚುಕ್ಕಿ ಪೂರ್ತಿ ದುಂಡಗ ಇರೂದಿಲ್ಲ, ಸ್ವಲ್ಪ ಚೌಕಾಕಾರ. ಅಂಚು ಒಂದ್ ಕಡೆ ಸ್ಪಷ್ಟ, ಇನ್ನೊಂದ್ ಕಡೆ ಹರಡಿದ್ಹಂಗ. ಎಷ್ಟೋ ಚುಕ್ಕಿ ನಟ್ಟನಡುವ ಸಣ್ಣ ಬಣ್ಣದ ಕಣ್ಣು ಇರತೈತಿ, ಯಾಕಂದ್ರ ಗಂಟಿನ ತುದಿ ದಾರದಿಂದ ಹೊರಗ ಉಳಿದು ಬಣ್ಣ ಕುಡಿದಿರತೈತಿ. ಪ್ರಿಂಟಿನ್ಯಾಗ ಎಲ್ಲಾ ಚುಕ್ಕಿ ಒಂದ ಅಚ್ಚು, ಹಿಂದಿನ ಮೈ ಪೇಲವ.

ಇನ್ನೊಂದು ಗುರುತು. ಬಟ್ಟಿನ್ನ ಎರಡು ಇಲ್ಲಾ ನಾಕು ಪದರ ಮಡಚಿ ಒಮ್ಮಿಗೇ ಕಟ್ತಾರ. ಹಂಗಾಗಿ ಮಡಿಕೆಯ ಆ ಕಡೆ ಈ ಕಡೆ ವಿನ್ಯಾಸ ಕನ್ನಡಿಯೊಳಗಿನಂಗ ಬರತೈತಿ, ಒಂದು ಪದರದ ಚುಕ್ಕಿ ಮಾತ್ರ ತುಸು ಹೆಚ್ಚುಕಡಿಮಿ. ನಮ್ಮವರು ಉಡೋ ಮದುರೆ ಸುಂಗುಡಿ ಸೀರಿನೂ ಮೂಲದಾಗ ಇದ ಕೆಲಸ, ಸೌರಾಷ್ಟ್ರದಿಂದ ಹೋಗಿ ನೆಲೆಸಿದವ್ರು ಕಟ್ಟಿದ್ದು. ಈಗ ಅಂಗಡ್ಯಾಗ ಸಿಗೂವು ಹೆಚ್ಚಿನವು ಪ್ರಿಂಟ್.

@ರಂಗಿನ_ಡಬ್ಬಿ ಅವರ, ಬಣ್ಣ ನಿಲ್ಲದಿದ್ರ ಡೈ ಫಿಕ್ಸರ್ ಹಾಕಬಹುದಲ್ರಿ?

ರಂಗಿನ_ಡಬ್ಬಿ
ಹಾಕಬಹುದು, ಹತ್ತಿಗೆ ಅಂತ ಬರೆದಿರುವುದನ್ನೇ. ಆದರೆ ಹೆಚ್ಚುವರಿ ಬಣ್ಣ ತೊಳೆದು ಹೋದ ಮೇಲೆ. ಫಿಕ್ಸರ್‌ಗೆ ಬೇಕಾದ್ದು ಬೇಡದ್ದು ಗೊತ್ತಾಗುವುದಿಲ್ಲ. ಬಿಳಿ ಚುಕ್ಕಿಗೆ ಹತ್ತಿದ ಗುಲಾಬಿಯನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಸಿಬಿಡುತ್ತದೆ. ಬಣ್ಣದ ಛಾಯೆ ಸ್ವಲ್ಪ ಬದಲಾಗಬಹುದು, ಮೂಲೆಯಲ್ಲಿ ನೋಡಿಕೊಂಡು ಹಾಕಿ.

ಚೆಂಬೂರ್_ಚಂಪಕ
ಕಲೆ ಸಲದಿಂದ ಸಲಕ್ಕೆ ತಿಳಿಯಾಯ್ತು, ಚುಕ್ಕಿ ನಡುವೆ ಕಣ್ಣೂ ಇದೆ. ಥ್ಯಾಂಕ್ಸ್. ಮಲ್‌ಮಲ್ ತಂದು ಮನೆಯಲ್ಲೇ ಒಂದು ಕಟ್ಟಿ ನೋಡಬಹುದಾ? ಹಳದಿ, ಕೆಂಪು ಎರಡೇ ಬಣ್ಣ.

ಗಂಟುಕಳ್ಳಿ
ಧಾರಾಳವಾಗಿ. ಮಂಗಳದಾಸ್ ಮಾರ್ಕೆಟ್‌ನಲ್ಲಿ ಬಿಳಿ ಮಲ್‌ಮಲ್ ಸಿಗುತ್ತೆ. ಗಂಜಿ ಹೋಗೋಕೆ ಲೀಟರ್ ನೀರಿಗೆ 2 ಗ್ರಾಂ ಸೋಡಾ ಆಶ್ (ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ), ಸ್ವಲ್ಪ ಡಿಟರ್ಜೆಂಟ್ ಹಾಕಿ ಮುಕ್ಕಾಲು ಗಂಟೆ ಕುದಿಸಿ. ಈ ಹಂತ ಬಿಟ್ಟರೆ ಬಣ್ಣ ತೇಪೆತೇಪೆ.

ಬಿಳಿ ಉಳಿಯಬೇಕಾದ ಚುಕ್ಕಿಗಳನ್ನು ಮೊದಲು ಕಟ್ಟಿ, ಹಳದಿ ಹಾಕಿ. ಅವನ್ನು ಬಿಚ್ಚದೆ, ಹಳದಿ ಉಳಿಯಬೇಕಾದ ಕಡೆ ಕಟ್ಟಿ, ಕೆಂಪು ಹಾಕಿ. ಉಗುರಿನ ತುದಿಯಿಂದ ಬಟ್ಟೆ ಮೇಲೆತ್ತಿ ದಾರ ಐದಾರು ಸುತ್ತು ಬಿಗಿಯಾಗಿ ಸುತ್ತಬೇಕು, ದಾರ ಕತ್ತರಿಸದೆ ಮುಂದಿನ ಚುಕ್ಕಿಗೆ ಹೋಗಬೇಕು.

ತಣ್ಣೀರಿನ ರಿಯಾಕ್ಟಿವ್ ಬಣ್ಣ (ಹತ್ತಿ ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವಂಥದ್ದು) ತಗೊಳ್ಳಿ. 100 ಗ್ರಾಂ ಬಟ್ಟೆಗೆ 2 ಲೀಟರ್ ನೀರು, ಹಳದಿಯಾದರೆ 2 ಗ್ರಾಂ, ಕೆಂಪಾದರೆ 4 ಗ್ರಾಂ ಬಣ್ಣ, 100 ಗ್ರಾಂ ಉಪ್ಪು. 15–20 ನಿಮಿಷ ಆಡಿಸಿ. ಬಟ್ಟೆ ಹೊರಗೆ ತೆಗೆದು, ಬೇರೆ ಬಿಸಿನೀರಲ್ಲಿ ಕರಗಿಸಿದ 20 ಗ್ರಾಂ ಸೋಡಾ ಆಶ್ ಬೆರೆಸಿ, ಮತ್ತೆ ಅರ್ಧ ಗಂಟೆ. ಹರಳಿನ ವಾಷಿಂಗ್ ಸೋಡಾ ಆದರೆ ಸುಮಾರು 2.7 ಪಟ್ಟು ಬೇಕು, ಅದರಲ್ಲಿ ನೀರಿನಂಶ ಇರುತ್ತೆ. ಅಡುಗೆ ಸೋಡಾ ನಡೆಯಲ್ಲ. ಕೈಗವಸು ಹಾಕಿ, ಪುಡಿ ಕಲಸುವಾಗ ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಆ ಪಾತ್ರೆ ಇನ್ನು ಅಡುಗೆಗಲ್ಲ.

ಚುಕ್ಕಿ ಮಸುಕಾಗೋಕೆ ಕಾರಣ ಸಾಮಾನ್ಯವಾಗಿ ಮೂರು: ಗಂಟು ಸಡಿಲ, ಒಣ ಬಟ್ಟೆಯನ್ನೇ ಬಣ್ಣಕ್ಕೆ ಇಳಿಸಿದ್ದು (ಮೊದಲು ನೀರಲ್ಲಿ ಅದ್ದಿ, ಗಂಟಿನೊಳಗೆ ನೀರು ತುಂಬಿರಲಿ), ಒದ್ದೆ ಇರುವಾಗಲೇ ಬಿಚ್ಚಿದ್ದು. ಗಂಟಿನ ಸಮೇತ ತಣ್ಣೀರಲ್ಲಿ, ಆಮೇಲೆ ಬಿಸಿನೀರು ಡಿಟರ್ಜೆಂಟಲ್ಲಿ ತೊಳೆದು, ಪೂರ್ತಿ ಒಣಗಿಸಿ. ಕತ್ತರಿ ಹಾಕಬೇಡಿ. ಬಟ್ಟೆಯನ್ನು ಎರಡೂ ಕಡೆ ಹಿಡಿದು ಓರೆಯಾಗಿ ಜಗ್ಗಿದರೆ ದಾರ ಪಟಪಟ ಅಂತ ಸಾಲಾಗಿ ಬಿಚ್ಚಿಕೊಳ್ಳುತ್ತೆ.

ದಾದರ್_ಧಾರವಾಡ
ಚುಕ್ಕಿಯ ಉಬ್ಬು ಉಳೀಬೇಕಂದ್ರ ಇಸ್ತ್ರಿ ಮಾಡಬ್ಯಾಡ್ರಿ. ಮಡಚಿ ಇಡೂದಕ್ಕಿಂತ ಸಡಿಲಾಗಿ ತಿರುವಿ ಸುರುಳಿ ಸುತ್ತಿ ಇಡ್ರಿ.