ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸಾಲುತ್ತಿಲ್ಲ, ಯುಜಿಡಿ (ಒಳಚರಂಡಿ) ಲೈನ್ ಬರುವವರೆಗೆ ಏನು ಮಾಡೋದು?

ಪ್ರಶ್ನೆ: ನಮ್ಮದು ವರ್ತೂರಿನ ಆಚೆ, 2007ರಲ್ಲಿ ಬಿಬಿಎಂಪಿಗೆ ಸೇರಿಸಿದ 110 ಹಳ್ಳಿಗಳಲ್ಲೊಂದು. ಬಿಲ್ಡರ್ ಮೊದಲ ಹಂತಕ್ಕೆ ಕಟ್ಟಿದ ಎಸ್‌ಟಿಪಿ 60 ಕೆಎಲ್‌ಡಿಯದು, ಅಂದರೆ ದಿನಕ್ಕೆ 60,000 ಲೀಟರಿನದು. ಈಗ 180 ಮನೆ ತುಂಬಿವೆ. ಬೆಳಗ್ಗೆ ಚೇಂಬರ್ ಉಕ್ಕುತ್ತದೆ. ಜಲಮಂಡಳಿ ಲೈನ್ ಇನ್ನೂ ಬಂದಿಲ್ಲ. ತಾತ್ಕಾಲಿಕವಾಗಿ ಏನು ಮಾಡಬಹುದು? ಅನುಭವ ಇರುವವರು ಹೇಳಿ.

ಉತ್ತರ 1: ಮೊದಲು ಅಳತೆ ಮಾಡಿ ಸರ್. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಚರಂಡಿಗೆ ಅನ್ನೋದು ಕಾಗದದ ಲೆಕ್ಕ. ಮನೆಗೆ 4 ಜನ ಅಂದರೂ ನಿಮ್ಮದು ಸುಮಾರು 78,000 ಲೀಟರ್ ಆಗುತ್ತದೆ. ನಿಜವಾಗಿ ಎಷ್ಟು ಬರುತ್ತಿದೆ ಅನ್ನೋದನ್ನು ಮೀಟರ್ ಹಾಕಿಯೇ ನೋಡಬೇಕು. ಅದು 60,000ದ ಒಳಗೇ ಇದ್ದರೆ ನಿಮ್ಮ ತೊಂದರೆ ಬೆಳಗಿನ ಎರಡು ಮೂರು ಗಂಟೆಯದು ಮಾತ್ರ. ಹಾಗಿದ್ದರೆ ಈಕ್ವಲೈಸೇಶನ್ ಟ್ಯಾಂಕ್ ದೊಡ್ಡದು ಮಾಡಿ, ಬೆಳಗಿನ ನೀರನ್ನು ಅಲ್ಲಿ ಹಿಡಿದಿಟ್ಟು ರಾತ್ರಿಯಿಡೀ ನಿಧಾನಕ್ಕೆ ಒಳಗೆ ಬಿಡಿ. ಆ ಟ್ಯಾಂಕಿಗೂ ಗಾಳಿ ಊದಬೇಕು, ಇಲ್ಲದಿದ್ದರೆ ಕೊಳೆತು ನಾರುತ್ತದೆ.

ಇನ್ನೊಂದು, ಜೋರು ಮಳೆ ಬಂದ ದಿನ ಇನ್‌ಲೆಟ್ ಚೇಂಬರ್ (ಕೊಳಚೆ ಎಸ್‌ಟಿಪಿಗೆ ಬಂದು ಸೇರುವ ಗುಂಡಿ) ಮುಚ್ಚಳ ತೆಗೆದು ನೋಡಿ. ನಮ್ಮಲ್ಲಿ ಕಪ್ಪು ನೀರಿನ ಬದಲು ತಿಳಿ ಕೆಂಪು ನೀರು ರಭಸವಾಗಿ ಬರುತ್ತಿತ್ತು, ಜೊತೆಗೆ ಮರದ ಎಲೆ. ಟೆರೇಸಿನ ಪೈಪನ್ನು ಯಾರೋ ಒಳಚರಂಡಿಗೇ ಕೊಟ್ಟಿದ್ದರು! ಅದನ್ನು ಬಿಡಿಸಿದ ಮೇಲೆ ಅರ್ಧ ತಲೆನೋವು ಹೋಯಿತು.

ಉತ್ತರ 2: ಅಳೆದ ಮೇಲೂ ಜಾಸ್ತಿ ಬಂದರೆ ಅಕ್ಕಪಕ್ಕ ಕೇಳಿ. ಅರ್ಧ ಮನೆ ಖಾಲಿ ಇರುವ ಹೊಸ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ನೀರೇ ಸಾಲುವುದಿಲ್ಲ, ಕೊಳಚೆ ತಿಂದು ಶುದ್ಧ ಮಾಡುವ ಬ್ಯಾಕ್ಟೀರಿಯಾಕ್ಕೂ ಊಟ ಬೇಕಲ್ವಾ. ನಿಮ್ಮ ಹೆಚ್ಚುವರಿ ಕೊಳಚೆ ಅಲ್ಲಿಗೆ ಕಳಿಸಲು ಒಂದು ಪಂಪು, ಒಂದು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು ಸಾಕು, ಆದರೆ ಎಷ್ಟು ಲೀಟರ್, ಎಷ್ಟು ದಿನ, ಕರೆಂಟು ಬಿಲ್ ಯಾರದು ಅನ್ನೋದೆಲ್ಲ ಬರಹದಲ್ಲಿ ಇರಲಿ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಕಂಟೇನರಿನಲ್ಲಿ ಬರುವ ರೆಡಿಮೇಡ್ ಎಸ್‌ಟಿಪಿ ತಂದು ಕೂರಿಸಬಹುದು, ಆದರೆ ಸ್ವಿಚ್ ಹಾಕಿದ ದಿನವೇ ಶುದ್ಧ ನೀರು ಬರುವುದಿಲ್ಲ, ಹದಕ್ಕೆ ಬರಲು ವಾರಗಳೇ ಬೇಕು. ಚೆನ್ನಾಗಿ ನಡೆಯುವ ಬೇರೆ ಪ್ಲಾಂಟಿನ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ತಂದು ಹಾಕಿದರೆ ಬೇಗ ಆಗುತ್ತದೆ.

ಉತ್ತರ 3: ದಯವಿಟ್ಟು ಕೊಳಚೆ ಸಾಗಿಸಲು ದಿನಾ ಟ್ಯಾಂಕರ್ ಕರೆಸುವ ದಾರಿ ಹಿಡಿಯಬೇಡಿ. ದುಡ್ಡೂ ಹೋಗುತ್ತದೆ, ಕೊಳಚೆ ರಾಜಕಾಲುವೆಗೆ ಹೋಗಿ ಕೆರೆ ಸೇರುವ ಭಯವೂ ಇದೆ. ತುರ್ತಿಗೆ ಕರೆಸಿದರೂ ಯಾವ ಪ್ಲಾಂಟಿಗೆ ಸುರಿದರು ಅನ್ನೋ ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. ಬ್ಲಾಕ್ ಆಯ್ತು ಅಂತ ಯಾರನ್ನೂ ಗುಂಡಿಗೆ ಇಳಿಸಬೇಡಿ, ಎಷ್ಟೇ ಅವಸರ ಇರಲಿ. ಒಳಗಿನ ಗ್ಯಾಸ್‌ಗೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ. ಸುರಕ್ಷತಾ ಸಾಧನ ಇಲ್ಲದೆ ಇಳಿಸೋದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ಮತ್ತೆ, ಖರ್ಚು ಪೂರ್ತಿ ನಿವಾಸಿಗಳ ತಲೆಗೆ ಯಾಕೆ? ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14(3)ರಲ್ಲಿ, ಮನೆ ಕೈಗೆ ಕೊಟ್ಟ 5 ವರ್ಷದೊಳಗೆ ಸೇವೆಗಳಲ್ಲಿ ಲೋಪ ಕಂಡು ತಿಳಿಸಿದರೆ ಬಿಲ್ಡರ್ ತನ್ನ ಖರ್ಚಿನಲ್ಲೇ 30 ದಿನದಲ್ಲಿ ಸರಿಮಾಡಬೇಕು ಅಂತಿದೆ. ಮೀಟರ್ ಲೆಕ್ಕ, ಫೋಟೋ ಇಟ್ಟು ಇವತ್ತೇ ಬಿಲ್ಡರ್‌ಗೆ ಸ್ಪೀಡ್ ಪೋಸ್ಟ್ ಮಾಡಿ.